ಯಂತ್ರ ಹೇಳಿದ್ದು ತೊಂಬತ್ತಾರು

ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಸಿಸ್ಟರು ಓದಿದರು: ತೊಂಬತ್ತಾರು.
ಚೆನ್ನಾಗಿದೆ, ಕೂತಿರಿ.
ಇನಾಸಿ ಅತ್ತೆ ಕೂತಳು. ಕೂರುವುದೆಂದರೆ
ಎರಡೂ ಕೈ ಮೊಣಕಾಲಿಗೆ ಊರಿ
ಬಾವಿಯಿಂದ ಕೊಡ ಸೇದಿದಂತೆ
ಹೆಗಲಿನಿಂದ ಉಸಿರು ಸೇದುವುದು.
ಕೊಡ ಅರ್ಧಕ್ಕೆ ಬಂದು ಮತ್ತೆ ಜಾರುವುದು.

ನಸುಕಿನ ನಾಲ್ಕಕ್ಕೆ ಹೊರಟವರು ನಾವು.
ಕೇರಿಯಿಂದ ಡಾಂಬರಿನ ತನಕ ಕಂಬಳಿಯಲ್ಲಿ,
ಬಿದಿರಿಗೆ ಹೆಗಲು ಕೊಟ್ಟವರು ಪಾಸ್ಕು ಮತ್ತು ಅವನ ಅಳಿಯ.
ಅರಬೈಲು ಘಟ್ಟದಲ್ಲಿ ಟ್ಯಾಂಕರೊಂದು ಅಡ್ಡ ಮಲಗಿತ್ತು, ಎರಡು ತಾಸು.
ಅಂಕೋಲೆಯಲ್ಲಿ ಡಾಕ್ಟರು ರಜೆ.
ಬಿಣಗಾ ದಾಟುವಾಗ ಕಡಲು ಕಂಡಿತು.
ಅತ್ತೆ ನೋಡಲಿಲ್ಲ.

ಇದೇ ಕಾರವಾರಕ್ಕೆ ಹಿಂದೊಮ್ಮೆ ಬಂದಿದ್ದಳು, ಉತ್ಸವಕ್ಕೆ.
ಆಗ ಬಸ್ಸು ಕೇರಿಯ ಬಾಗಿಲಿಗೇ ಬಂದಿತ್ತು;
ಅದು ಬರಲೆಂದು ಎರಡು ದಿನ ಮೊದಲೇ ಜೆಸಿಬಿ ಬಂದು
ಹಾದಿ ಸವರಿತ್ತು. (ಆ ಮಳೆಗಾಲಕ್ಕೇ ಕೊಚ್ಚಿಹೋಯಿತು.)
ಡಮಾಮಿಯ ಸದ್ದಿಗೆ ದಂಡೆಗೆ ದಂಡೆಯೇ ಚಪ್ಪಾಳೆ ತಟ್ಟಿತು.
ಒಬ್ಬಾಕೆ ಫೋಟೊ ತೆಗೆಸಿಕೊಳ್ಳುತ್ತ
ಅತ್ತೆಯ ಕೂದಲು ಮುಟ್ಟಿ ನೋಡಿದಳು.

ಇವತ್ತು ರಕ್ತ ತೆಗೆಯಲು ಬಂದ ಹುಡುಗ
ಮೂರು ಸಲ ಚುಚ್ಚಿ, ನರವೇ ಕಾಣೋದಿಲ್ಲ ಇವರದು, ಅಂದ.
ಯಾವ ದೇಶ?
ಯಲ್ಲಾಪುರ, ಅಂದೆ.
ಅಲ್ಲ, ಮೂಲ?
ಮೂಲ ಅಂದರೆ, ಹಳ್ಳ ದಾಟಿ ಎಡಕ್ಕೆ, ಹಲಸಿನ ಮರದ ಹಿಂದೆ.

ಸಿಸ್ಟರು ಕೆಟ್ಟವರಲ್ಲ. ತಮ್ಮ ಫ್ಲಾಸ್ಕಿನ ಚಾ ಕೊಟ್ಟರು.
ತುಟಿ ನೋಡಿದರು, ಉಗುರು ಒತ್ತಿದರು,
ನೀಲಿಗಟ್ಟಿದರೆ ಗೊತ್ತಾಗ್ತದೆ ಬಿಡಿ, ಅಂದರು.
ನೀಲಿ ನಮ್ಮ ತುಟಿಯ ಮೇಲೆ ಹೇಗಿರುತ್ತದೆಂದು
ಅವರ ಯಾವ ಪುಸ್ತಕವೂ ತೋರಿಸಿರಲಿಕ್ಕಿಲ್ಲ.
ನನಗೆ ಗೊತ್ತಿತ್ತು: ಬೂದಿ.
ನಿನ್ನೆಯೇ ಆರಿದ ಒಲೆಯ ಬೂದಿ.
ಹೇಳಿದೆ.
ಅವರು ಯಂತ್ರದ ಕಡೆ ನೋಡಿದರು.

ಸಂಜೆ ಚೀಟಿ ಬರೆದರು.
ಇಷ್ಟುದ್ದದ ಜಿಲ್ಲೆಯಲ್ಲಿ ದೊಡ್ಡ ರೋಗಕ್ಕೆ ಮೂರೇ ದಿಕ್ಕು:
ಮಣಿಪಾಲ, ಹುಬ್ಬಳ್ಳಿ, ಗೋವಾ.
ನಾಲ್ಕನೆಯದು ಕಡಲು.

ಕಾಳಿ ಸೇತುವೆಯ ಮೇಲೆ
ಡ್ರೈವರು ಉದಯ ತಾಂಡೇಲ ಕನ್ನಡಿಯಲ್ಲಿ ಅತ್ತೆಯನ್ನು ಕಂಡ.
ದೋಣಿಯವರ ಮನೆಯವನು, ಮುಳುಗಿದವರನ್ನು ಎತ್ತಿದ ಕೈ.
ಆಚೆ ದಡಕ್ಕೆ ಗಾಡಿ ನಿಲ್ಲಿಸಿ ಹಿಂದೆ ಬಂದವನೇ
ಯಾರನ್ನೂ ಕೇಳದೆ ಆಕ್ಸಿಜನ್ ತಿರುಗಿಸಿದ.
ನಂಬರು ಏನಾದರೂ ಇರಲಿ ಬಾಯಿ,
ನೀರು ಕುಡಿದವರ ಉಸಿರು ಇದು.

ಬಾಂಬೋಳಿಯಲ್ಲಿ ಮಣಿಕಟ್ಟಿನ ಆಳದಿಂದ ರಕ್ತ ತೆಗೆದರು.
ಎಂಬತ್ತನಾಲ್ಕು.
ಬೆಳಿಗ್ಗೆಯಿಂದ ಹೀಗೇ ಇದ್ದಿರಬೇಕು ಎಂದಳು
ಕೊಂಕಣಿಯಲ್ಲಿ, ಸಣ್ಣ ವಯಸ್ಸಿನ ಡಾಕ್ಟರು.
ಆ ಕ್ಲಿಪ್ಪಿನ ಬೆಳಕು ಕಪ್ಪು ಚರ್ಮ ದಾಟುವಾಗ
ಒಮ್ಮೊಮ್ಮೆ ಎಣಿಕೆ ತಪ್ಪುವುದಂತೆ, ಹೆಚ್ಚು ಹೇಳುವುದಂತೆ.
ಬಿಳಿ ಬೆರಳುಗಳ ಮೇಲೆ ಮಗ್ಗಿ ಕಲಿತದ್ದು.

ರಕ್ತ ಎಲ್ಲರದೂ ಕೆಂಪು ಎಂದು
ಭಾಷಣಗಳಲ್ಲಿ ಕೇಳಿದ್ದೇನೆ. ಇರಬಹುದು.
ನಾನು ಹೇಳುತ್ತಿರುವುದು
ರಕ್ತದ ತನಕ ಬರುವ ದಾರಿಯ ಮಾತು.
ಒಂದು ಘಟ್ಟ. ಒಂದು ಚರ್ಮ.

ಅತ್ತೆ ಹತ್ತೊಂಬತ್ತು ದಿನಕ್ಕೆ ಮನೆಗೆ ಬಂದಳು.
ಡಮಾಮಿ ಈಗ ಅಕ್ಕಿ ಚೀಲದ ಮೇಲೆ ಕೂತಿದೆ.
ಅದನ್ನು ಬಡಿಯುವಷ್ಟು ಗಾಳಿ ಅವಳಲ್ಲಿಲ್ಲ.

ಆಶಾ ಕೆಲಸದ ನನ್ನ ಚೀಲದಲ್ಲೂ ಅದೇ ಕ್ಲಿಪ್ಪು.
ಹೇಳಿಕೊಟ್ಟಂತೆ ಸಿಕ್ಕಿಸುತ್ತೇನೆ, ಓದುತ್ತೇನೆ, ಬರೆಯುತ್ತೇನೆ.
ಆಮೇಲೆ ಅಂಗಿ ಎತ್ತಿ, ಪಕ್ಕೆಲುಬು ನೋಡುತ್ತ
ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ.
ಆ ಲೆಕ್ಕಕ್ಕೆ ರಿಜಿಸ್ಟರಿನಲ್ಲಿ ಜಾಗವಿಲ್ಲ.
ಅಂಚಿನಲ್ಲಿ ಬರೆಯುತ್ತೇನೆ, ಪೆನ್ನು ಒತ್ತಿ.

ಇವತ್ತು ಪಾಸ್ಕುವಿನ ಮೊಮ್ಮಗ, ಎರಡು ವರ್ಷ.
ಯಂತ್ರ: ತೊಂಬತ್ತೇಳು.
ನಾನು: ಐವತ್ತೆಂಟು.

ಸಿಗ್ನಲ್ಲು ಸಿಗುವ ಬಂಡೆ
ಹತ್ತುತ್ತಿದ್ದೇನೆ.